ಸಿಂಹಳದಲ್ಲಿ ಊಟ ಸಹಿತ

ಮುದ್ದೇಬಿಹಾಳ

ಸಿಂಹಳಕ್ಕೆ ಹೋಗುವುದೋ ಬೇಡವೋ ಎಂಬುದು ನಮ್ಮ ಮನೆಯಲ್ಲಿ ಒಂದು ಸಂಜೆಯ ಚಹಾ ಆರುವಷ್ಟರಲ್ಲಿ ತೀರ್ಮಾನವಾಯಿತು. ಅಲ್ಲಿ ಹೋಗಿ ಉಣ್ಣುವುದು ಹೇಗೆ ಎಂಬುದು ತೀರ್ಮಾನವಾಗಲು ಒಂದು ತಿಂಗಳು ಹಿಡಿಯಿತು.

ನನ್ನ ಯಜಮಾನರು ಮುದ್ದೇಬಿಹಾಳದ ಕೋರ್ಟಿನಲ್ಲಿ ವಕೀಲರು. ಊರವರು ಕರೆಯುವಂತೆ ನಾನೂ ಅವರನ್ನು ಇಲ್ಲಿ ವಕೀಲರೆಂದೇ ಕರೆಯುತ್ತೇನೆ. ಮನೆಯಲ್ಲಿಯೂ ಅವರು ಬೇರೇನೂ ಅಲ್ಲ. ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಅಕ್ಕೋರು. ಮಗಳ ಮದುವೆ ಮುಗಿದು ಮನೆ ಭಣಭಣ ಅನ್ನುತ್ತಿದ್ದ ಬೇಸಿಗೆಯಲ್ಲಿ, ಒಮ್ಮೆಯಾದರೂ ಸಮುದ್ರ ನೋಡಬೇಕು ಎಂದು ಬಾಯಿಬಿಟ್ಟವಳು ನಾನು. ನನ್ನ ಮನಸ್ಸಿನಲ್ಲಿ ಇದ್ದದ್ದು ಕಾರವಾರ. ಆದರೆ ಬಸವನ ಬಾಗೇವಾಡಿಯ ಒಬ್ಬ ವಕೀಲರು ಹಿಂದಿನ ವರ್ಷ ನೇಪಾಳಕ್ಕೆ ಹೋಗಿ ಬಂದು, ಕಂಡವರಿಗೆಲ್ಲ ‘ಫಾರಿನ್’ ಎಂದು ಹೇಳುತ್ತ ತಿರುಗುತ್ತಿದ್ದರು. ಪಾಸ್‌ಪೋರ್ಟೇ ಬೇಕಿಲ್ಲದ ದೇಶಕ್ಕೆ ಹೋದವರು ಇಷ್ಟು ಎದೆ ಉಬ್ಬಿಸುವುದು ನಮ್ಮ ವಕೀಲರಿಗೆ ಸಹಿಸಲಿಲ್ಲ. ಅವರು ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿದರು.

ಮದ್ರಾಸಿನ ಏಜೆಂಟನ ಪತ್ರ ಬಂತು. ಸಮುದ್ರದ ದಂಡೆಯ ಮೇಲೆ ಹೊಸ ಹೋಟೆಲು, ಏಳು ದಿನದ ವಾಸ. ಪತ್ರದ ಕೊನೆಗೆ ಎರಡು ಚೌಕ: ಊಟ ಸಹಿತ, ಊಟ ರಹಿತ. ಒಂದಕ್ಕೆ ಗುರುತು ಹಾಕಿ ಕಳಿಸಬೇಕು.

ಆ ಎರಡು ಚೌಕಗಳು ಕೋರ್ಟಿನ ಬಾರ್ ರೂಮಿಗೆ ಹೋದವು. ಸಿಂದಗಿಯಿಂದ ಕೇಸಿಗೆಂದು ಬಂದಿದ್ದ ಹಿರಿಯ ವಕೀಲರೊಬ್ಬರು, “ರೊಕ್ಕ ಕೈಗೆ ಬಂದ ಮ್ಯಾಲೆ ಅಡಿಗಿಯಂವಗ ಏನ್ ಕಾಳಜಿ ಇರತೈತ್ರಿ? ಕಕ್ಷಿದಾರರ ಫೀ ಮೊದಲ ಇಸಗೊಂಡು ನಾವು ಹೆಂಗ ಕೆಲಸಾ ಮಾಡ್ತೀವಿ, ಹಂಗ,” ಎಂದರಂತೆ. ಸಂಜೆ ಮನೆಗೆ ಬಂದ ನಾಲತವಾಡದ ಅರಿವೆ ವ್ಯಾಪಾರಿ ಖಾಜಾಸಾಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. “ವಕೀಲ್ರ, ಮೊದಲ ರೊಕ್ಕಾ ಕೊಟ್ಟ ಊಟ ಅಂದ್ರ ಅಳಿಯ ಅತ್ತಿ ಮನ್ಯಾಗ ಉಂಡಂಗ್ರಿ. ಹಸಿವಿ ಇರಲಿ ಬಿಡಲಿ, ಕರದಾಗ ಏಳಬೇಕು, ನೀಡಿದ್ದು ತಿನಬೇಕು, ಚಲೋ ಆಗೇತಿ ಅನ್ನಬೇಕು.”

ವಕೀಲರ ವಾದ ಬೇರೆ. ಸರ್ಕಾರ ಪರದೇಶಕ್ಕೆ ಹೋಗುವವರಿಗೆ ಅಲ್ಲಿನ ದುಡ್ಡನ್ನು ಚಿಟಿಕೆಯಷ್ಟು ಮಾತ್ರ ಕೊಡುತ್ತದೆ. ಊಟದ್ದನ್ನು ಇಲ್ಲೇ ನಮ್ಮ ರೂಪಾಯಿಯಲ್ಲಿ ಕಟ್ಟಿಬಿಟ್ಟರೆ ಅಲ್ಲಿ ಕೈ ಚಾಚುವ ಪ್ರಸಂಗವಿಲ್ಲ.

“ಮೀನ-ಮಾಂಸಾ ಮುಟ್ಟದವರು ನಾವು. ಸಮುದ್ರದ ದಂಡಿ ಮ್ಯಾಲೆ ನಮಗೇನ ನೀಡ್ತಾರ್ರಿ?” ಎಂದು ನಾನು ಕೇಳಿದೆ.

“ಶಾಕಾಹಾರಿ ಅಂತ ಟೈಪ್ ಮಾಡಿಸಿ ಕಳಿಸೇನಿ. ಅದರ ನಕಲು ಫೈಲಿನ್ಯಾಗ ಐತಿ.”

ನಕಲು ಫೈಲಿನಲ್ಲಿದ್ದರೆ ಜಗತ್ತು ಸರಿಯಾಗಿ ನಡೆಯುತ್ತದೆ ಎಂದು ನಂಬುವವರ ಜೊತೆ ನಾನು ಹೊರಟೆ.

ಹಡಗು

ನಮ್ಮ ಜಿಲ್ಲೆಯ ಇಂಡಿ ಊರಲ್ಲಿರುವ ನನ್ನ ತಮ್ಮ ತನ್ನ ತೋಟದ ಒಂದು ಚೀಲ ನಿಂಬೆಹಣ್ಣನ್ನೂ ಅದೇ ಹಣ್ಣಿನ ಒಂದು ಭರಣಿ ಉಪ್ಪಿನಕಾಯಿಯನ್ನೂ ಕೊಟ್ಟಿದ್ದ. ನಾನು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ, ಕಟ್ಟಿಕೊಂಡಿದ್ದೆ.

“ಊಟದ ರೊಕ್ಕ ಕಟ್ಟೇನಿ. ಮತ್ತ ಇದೆಲ್ಲಾ ಯಾಕ?” ಎಂದು ವಕೀಲರು ದಾರಿಯುದ್ದಕ್ಕೂ ಕೇಳಿದರು.

“ರೊಕ್ಕ ನೀವು ಕಟ್ಟೀರಿ. ಹೊಟ್ಟಿ ನಂದು,” ಎಂದೆ.

ರಾಮೇಶ್ವರದಿಂದ ತಲೈಮನ್ನಾರಿಗೆ ಹೋಗುವ ಹಡಗಿನಲ್ಲಿ ಸಮುದ್ರ ನೋಡಬೇಕೆಂದಿದ್ದ ನನಗೆ ಕಂಡದ್ದು ಬಹುಪಾಲು ನನ್ನ ಸೆರಗೇ. ಮುಖಕ್ಕೆ ಅದನ್ನು ಒತ್ತಿಕೊಂಡು ಕುಳಿತಿದ್ದೆ. ಆಚೆ ದಂಡೆಯ ಕಸ್ಟಮ್ಸ್ ಅಧಿಕಾರಿ ಹಸಿ ಹಣ್ಣು ಒಳಗೆ ಬಿಡುವುದಿಲ್ಲವೆಂದು ನಿಂಬೆ ಚೀಲವನ್ನು ಪಕ್ಕಕ್ಕಿಟ್ಟ. ರೊಟ್ಟಿಯನ್ನು ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದಂತೆ ತಟ್ಟಿ ನೋಡಿ, ಏನೆಂದು ತಿಳಿಯದೆ, ತಿನ್ನುವ ವಸ್ತುವಲ್ಲವೆಂದು ಬಿಟ್ಟ. ಉಪ್ಪಿನಕಾಯಿಯ ಮೇಲೆ ವಿಚಾರಣೆ ನಡೆಯಿತು. ಇದು ಹಣ್ಣೋ, ಅಡುಗೆಯೋ ಎಂದು ವಕೀಲರು ಇಂಗ್ಲಿಷಿನಲ್ಲಿ ಐದು ನಿಮಿಷ ವಾದಿಸಿದರು. ಅಧಿಕಾರಿ ಒಂದು ಹೋಳು ಬಾಯಿಗೆ ಹಾಕಿಕೊಂಡ. ಅವನ ಕಣ್ಣಲ್ಲಿ ನೀರು ಬಂತು. ಭರಣಿಯ ಮುಚ್ಚಳ ಹಾಕಿ ಕೈಸನ್ನೆಯಿಂದ ಹೋಗಿರೆಂದ. ತಮ್ಮ ವಾದ ಗೆದ್ದಿತೆಂದು ವಕೀಲರು ಕೊಲಂಬೊ ತನಕ ಸಂತೋಷದಲ್ಲಿದ್ದರು.

ಮೊದಲ ದಿನ

ಹೋಟೆಲು ಚೆನ್ನಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಲು ಅವಕಾಶ ಸಿಗುವುದಿಲ್ಲ. ತೆಂಗಿನ ಮರಗಳ ನಡುವೆ ಬಿಳಿಯ ಸಾಲುಮನೆಗಳು, ಎದುರಿಗೇ ಸಮುದ್ರ. ಉಸುಕಿನ ಮೇಲೆ ಜರ್ಮನಿಯವರು ಸಂಡಿಗೆ ಒಣಗಿಸಿದ ಹಾಗೆ ಸಾಲಾಗಿ ಬಿದ್ದಿದ್ದರು. ಒಂದು ಮಗ್ಗುಲು ಕೆಂಪಾದ ಮೇಲೆ ತಾವೇ ಹೊರಳುತ್ತಿದ್ದರು. ನಮ್ಮೂರಲ್ಲಿ ಬಿಸಿಲಿಗೆ ಹೆದರಿ ಎಮ್ಮೆಯನ್ನೂ ನೆರಳಿಗೆ ಕಟ್ಟುತ್ತೇವೆ. ಇವರು ಬಿಸಿಲಿಗೆ ವಿಮಾನ ಹತ್ತಿ ಬಂದಿದ್ದರು.

ನಮಗೆ ಒಂದು ಚೀಟಿಪುಸ್ತಕ ಕೊಟ್ಟರು. ಬೆಳಗಿಗೆ ಬಿಳಿ ಚೀಟಿ, ಮಧ್ಯಾಹ್ನಕ್ಕೆ ನೀಲಿ, ರಾತ್ರಿಗೆ ಗುಲಾಬಿ. ಗಂಟೆ ಬಾರಿಸಿದಾಗ ಹೋಗಿ ಚೀಟಿ ಹರಿದು ಕೊಟ್ಟು ಉಣ್ಣಬೇಕು. ತಪ್ಪಿದ ಊಟದ ಚೀಟಿ ರದ್ದು. ವಕೀಲರು ಅದನ್ನು ಓದಿ ಪುಸ್ತಕವನ್ನು ತಲೆದಿಂಬಿನ ಕೆಳಗಿಟ್ಟರು.

ಊಟದ ಮನೆಯಲ್ಲಿ ನಮ್ಮ ಮೇಜಿಗೆ ಬಡಿಸುವವನು ಪೆರೇರಾ ಎಂಬ ನಡುವಯಸ್ಸಿನ, ಬಹಳ ಸಂಭಾವಿತ ಮನುಷ್ಯ. ಮೊದಲು ಸೂಪು ತಂದ. ಆಮೇಲೆ ಬೇರೆಯವರಿಗೆ ಮೀನು, ನಮಗೆ ಬೇಯಿಸಿದ ಗಜ್ಜರಿ. ಬೇರೆಯವರಿಗೆ ಮಾಂಸ, ನಮಗೆ ಅದೇ ಗಜ್ಜರಿಯ ಜೊತೆ ಬೇಯಿಸಿದ ಎಲೆಕೋಸು. ಅದರ ಜೊತೆಗೆ, ಪಾಪ ಇವರಿಗೇನೂ ಇಲ್ಲವಲ್ಲ ಎಂಬ ಕರುಣೆಯಿಂದ, ಒಬ್ಬೊಬ್ಬರಿಗೆ ನಾಲ್ಕು ಜನ ಉಣ್ಣುವಷ್ಟು ಅನ್ನದ ಗುಡ್ಡ. ಜೋಳದ ರೊಟ್ಟಿ ತಿನ್ನುವ ಸೀಮೆಯವಳು ನಾನು. ಅನ್ನ ನಮಗೆ ಊಟದ ಕೊನೆಯ ಎರಡು ತುತ್ತು.

“ಬಿಡಬ್ಯಾಡ ಶಾಂತಾ. ರೊಕ್ಕ ಕಟ್ಟಿದ್ದೈತಿ,” ಎಂದರು ವಕೀಲರು.

ಅವರು ತಮ್ಮ ಗುಡ್ಡವನ್ನು ಮೊಸರಿಲ್ಲದೆ, ಸಾರಿಲ್ಲದೆ, ಸೂಪಿನಲ್ಲೇ ಕಲಸಿ ಮುಗಿಸಿದರು. ಸೂಪು ಮಾತ್ರ ಭಾಳ ರುಚಿ ಎಂದು ಎರಡು ಸಲ ಹಾಕಿಸಿಕೊಂಡರು. ನನಗೆ ಅದರ ವಾಸನೆ ಸೇರದೆ ಪಕ್ಕಕ್ಕೆ ಸರಿಸಿದ್ದೆ.

ಮೂರನೆಯ ದಿನ

ಎರಡನೆಯ ದಿನದ ಬಗ್ಗೆ ಬರೆಯುವಂಥದ್ದೇನೂ ಇಲ್ಲ, ಉಂಡೆವು. ಗಾಲೆಯ ಕೋಟೆ ನೋಡಲು ಹೊರಟು ಅರ್ಧ ದಾರಿಯಿಂದ ಬಸ್ಸು ಇಳಿದು ಹಿಂದಿರುಗಿದೆವು, ನೀಲಿ ಚೀಟಿ ರದ್ದಾಗುತ್ತದೆಂದು. ಮೂರನೆಯ ದಿನ ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮೊದಲು ನಾನು ನೀರಿಗೆ ಇಳಿದೆ. ತೆರೆ ಮೊಣಕಾಲಿಗೆ ಬಂದು ತಾಗಿತು, ಕಾಲಕೆಳಗಿನ ಉಸುಕು ಸರಿಯಿತು, ನನಗೆ ನಗು ಬಂತು. ಇನ್ನೊಂದು ತೆರೆ ಬರಲಿ ಎಂದು ನಿಂತಿದ್ದೇನೆ, ಗಂಟೆ ಬಾರಿಸಿತು. ವಕೀಲರು ದಂಡೆಯ ಮೇಲಿಂದ ಕೊಡೆ ಬೀಸಿ ಕರೆದರು. ಐವತ್ತು ವರ್ಷ ಕಾದು ನೋಡಿದ ಸಮುದ್ರವನ್ನು ಬಿಟ್ಟು ಬೇಯಿಸಿದ ಗಜ್ಜರಿಯ ಕಡೆಗೆ ನಡೆದೆ. ಖಾಜಾಸಾಬರು ಹೇಳಿದ ಅಳಿಯನ ಮಾತು ನೆನಪಾಗಿ, ಅಳಿಯನಿಗಾದರೂ ಅತ್ತೆಮನೆಯಲ್ಲಿ ಹೋಳಿಗೆ ಸಿಗುತ್ತದೆ ಅನ್ನಿಸಿತು.

ಅಂದು ಮಧ್ಯಾಹ್ನ ಸೂಪು ಬಂದಾಗ ವಕೀಲರು ಪೆರೇರಾನನ್ನು ಹೊಗಳಿದರು. ಇದನ್ನು ಯಾವ ತರಕಾರಿಯಲ್ಲಿ ಮಾಡುತ್ತೀರಿ, ನನ್ನ ಹೆಂಡತಿ ಕಲಿತುಕೊಳ್ಳಲಿ ಎಂದರು. ಪೆರೇರಾ ಸಂಭಾವಿತನಾದ್ದರಿಂದ ಮೊದಲು ಸೂಪಿನ ಪಾತ್ರೆ ಕೆಳಗಿಟ್ಟು, “ಸರ್, ತರಕಾರಿಯೇ. ಆದರೆ ನೀರು ಎಲುಬಿನದು,” ಎಂದ.

ವಕೀಲರ ಚಮಚೆ ನಿಂತಲ್ಲೇ ನಿಂತಿತು. ಕೋಣೆಗೆ ಬಂದು ಮೂರು ಸಲ ಬಾಯಿ ಮುಕ್ಕಳಿಸಿ, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕುಳಿತರು. ಅರ್ಧ ತಾಸಿನ ಮೇಲೆ ಎದ್ದು ತೀರ್ಪು ಹೇಳಿದರು. “ಗೊತ್ತಿಲ್ಲದ ಆಗಿದ್ದಕ್ಕ ಅಪರಾಧ ಇಲ್ಲ. ಕಾಯದೆನೂ ಹಂಗ ಹೇಳತೈತಿ.”

“ಎರಡೆರಡು ಸಲ ಹಾಕಿಸಿಕೊಂಡದ್ದಕ್ಕ ಕಾಯದೆ ಏನ ಹೇಳತೈತ್ರಿ?” ಎಂದೆ. ಅವರು ಚೀಟಿಪುಸ್ತಕ ತೆಗೆದು ಉಳಿದ ದಿನಗಳನ್ನು ನೋಡತೊಡಗಿದರು.

ಸೋಮಾವತಿ

ಕೋಣೆ ಗುಡಿಸಲು ಬರುತ್ತಿದ್ದ ಹೆಂಗಸು ಸೋಮಾವತಿ. ಮೂವತ್ತರ ಪ್ರಾಯ, ತೆಳ್ಳಗೆ ಕಸಬರಿಗೆಯ ಬರಲಿನಂತಿದ್ದಳು. ನನಗೆ ಅವಳ ಭಾಷೆ ಬಾರದು, ಅವಳಿಗೆ ನನ್ನದು. ಆದರೆ ಮೊದಲ ದಿನವೇ ಅವಳು ನನ್ನನ್ನು “ಅಕ್ಕಾ” ಎಂದಳು. ಅವರಲ್ಲಿಯೂ ಅಕ್ಕ ಅಂದರೆ ಅಕ್ಕನೇ. ನಾನು ರೊಟ್ಟಿ ಮುರಿದು ಹಿಂಡಿಯ ಜೊತೆ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಕಚ್ಚಲಾರದೆ ನಕ್ಕಳು, ನಾನೂ ನಕ್ಕೆ. ಆಮೇಲೆ ನೀರಿನಲ್ಲಿ ನೆನೆಸಿ ತಿಂದಳು. ತುಣುಕನ್ನು ಬಿಡದೆ, ಅಂಗೈಯಲ್ಲಿ ಉಳಿದ ಹಿಂಡಿಯ ಪುಡಿಯನ್ನೂ ನೆಕ್ಕಿದಳು. ಮತ್ತೆ ಹೊರಗೆ ತೆಂಗಿನ ತೋಪಿನಾಚೆ ಕೈ ತೋರಿಸಿ, “ಬತ್ ನ್ಯಾ” ಎಂದಳು. ಬತ್ ಅಂದರೆ ನಮ್ಮ ಭಾತ, ಅನ್ನ. ‘ನ್ಯಾ’ ಅಂದರೇನೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ಪೆರೇರಾನನ್ನು ಕೇಳಿದೆ. ಅವನು ಅತ್ತಿತ್ತ ನೋಡಿ ಹೇಳಿದ. ಆ ವರ್ಷ ದೇಶದಲ್ಲಿ ಅಕ್ಕಿಯಿಲ್ಲ. ರೇಷನ್ನಿನಲ್ಲಿ ಸಿಗುವುದು ವಾರಕ್ಕೆ ಸಾಲದು. ಊರಿಂದೂರಿಗೆ ಅಕ್ಕಿ ಸಾಗಿಸಿದರೆ ಪೊಲೀಸರು ಹಿಡಿಯುತ್ತಾರೆ. ಬ್ರೆಡ್ಡಿಗೆ ಜನ ನಸುಕಿನಲ್ಲೇ ಸಾಲು ಹಚ್ಚುತ್ತಾರೆ. “ನಮ್ಮ ಅತಿಥಿಗಳಿಗೆ ಮಾತ್ರ ಯಾವ ತೊಂದರೆಯೂ ಇಲ್ಲ, ಮೇಡಂ,” ಎಂದು ನಮ್ಮ ಮೇಜಿನ ಮೇಲೆ ಎರಡು ಅನ್ನದ ಗುಡ್ಡ ಇಟ್ಟು ಹೋದ.

ಬರದ ವರ್ಷ ನಮ್ಮ ಸಾಲೆಯ ಅಂಗಳದಲ್ಲಿ ಗಂಜಿ ಕೇಂದ್ರ ತೆರೆದಿದ್ದರು. ಸೌಟು ನನ್ನ ಕೈಯಲ್ಲಿತ್ತು. ಸಾಲಿನ ಕೊನೆಗೆ ಹೋಗುತ್ತ ಹೋಗುತ್ತ ಗಂಜಿ ಹೇಗೆ ತಿಳಿಯಾಗುತ್ತದೆ ಎಂಬುದು ನನಗೆ ಗೊತ್ತು. ಆ ಗುಡ್ಡವನ್ನು ನಾನು ಮುಟ್ಟಲಾರದೆ ಹೋದೆ.

ಮರುದಿನದಿಂದ ಕೈಚೀಲದಲ್ಲಿ ನನ್ನ ಸ್ಟೀಲಿನ ಡಬ್ಬಿ ತರತೊಡಗಿದೆ. ಅನ್ನವನ್ನು ಮೇಜಿನ ಮರೆಯಲ್ಲಿ ಅದಕ್ಕೆ ತುಂಬಿಕೊಳ್ಳುತ್ತಿದ್ದೆ. ವಕೀಲರು ನೋಡಿದರು. ಸಂಜೆ ತಿನ್ನಲಿಕ್ಕೆ ಎಂದೆ. ಅವರ ಮುಖ ಅರಳಿತು. ಮದುವೆಯಾದಂದಿನಿಂದ ಮೊದಲ ಸಲ ನನ್ನ ವ್ಯವಹಾರಜ್ಞಾನವನ್ನು ಹೊಗಳಿದರು. ಊಟದ ಮನೆಯಿಂದ ಆಹಾರ ಹೊರಗೆ ಒಯ್ಯಬಾರದು ಎಂದು ಗೋಡೆಯ ಮೇಲೆ ಬರೆದಿತ್ತು. ಅದಕ್ಕೂ ಅವರಲ್ಲಿ ಉತ್ತರ ಇತ್ತು. “ಹೊರಗ ಅಂದ್ರ ಕಂಪೌಂಡಿನ ಹೊರಗ ಅಂತ ಅರ್ಥ ಮಾಡಬೇಕು. ನಾವು ಕೋಣ್ಯಾಗ ತಿಂದ್ರ ಒಳಗ ತಿಂದಂಗ.”

ಡಬ್ಬಿ ಕಂಪೌಂಡಿನ ಹೊರಗೆ ಹೋಗುತ್ತಿರುವುದು ಅವರಿಗೆ ಗೊತ್ತಿರಲಿಲ್ಲ.

ಐದನೆಯ ದಿನ

ರಾತ್ರಿಯ ಊಟಕ್ಕೆ ಕುಳಿತಿದ್ದೆವು. ಪೆರೇರಾ ಸೂಪಿನ ಬದಲು ನ್ಯಾಪ್ಕಿನ್ನಿನಲ್ಲಿ ಸುತ್ತಿದ ಒಂದು ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟ. ಇದು ತಮ್ಮದೇ ಎಂದು ಕೇಳಿದ. ನಾನು ಮಾತಾಡುವ ಮೊದಲೇ ವಕೀಲರು ಮುಚ್ಚಳ ಹೊರಳಿಸಿ, ಅಲ್ಲಿ ಕೊರೆಸಿದ್ದ ಹೆಸರನ್ನು ಓದಿ, “ನಮ್ಮದೇ. ಎಲ್ಲಿ ಸಿಕ್ಕಿತು?” ಎಂದು ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಹೇಳಿದರು.

ಗೇಟಿನಲ್ಲಿ, ಸೋಮಾವತಿಯ ಚೀಲದಲ್ಲಿ ಸಿಕ್ಕಿತ್ತು. ಅಲ್ಲಿಯವರೆಗೆ ಅವಳ ಮೇಲೆ ಹೋಟೆಲಿನ ಅನ್ನ ಕದ್ದ ಆರೋಪ ಮಾತ್ರ ಇತ್ತು. ವಕೀಲರು ಒಂದೇ ಮಾತಿನಲ್ಲಿ ಅತಿಥಿಗಳ ಪಾತ್ರೆ ಕದ್ದ ಆರೋಪವನ್ನೂ ಸಾಬೀತು ಮಾಡಿಕೊಟ್ಟರು.

ಮ್ಯಾನೇಜರನ ಕೋಣೆಯಲ್ಲಿ ಅವಳು ಗೋಡೆಗೆ ಆತು ನಿಂತಿದ್ದಳು. ನನ್ನನ್ನು ನೋಡಿದಳು, ಅಕ್ಕಾ ಅನ್ನಲಿಲ್ಲ. ನಾನು ಕೊಟ್ಟೆನೆಂದು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನನಗೆ ತೊಂದರೆಯಾದೀತು ಎಂದು ಸುಮ್ಮನಿದ್ದಳೆಂದು ಆಮೇಲೆ ತಿಳಿಯಿತು. ಮ್ಯಾನೇಜರ್ ಕೊಲಂಬೊದ ಯುವಕ, ಟೈ ಕಟ್ಟಿದ್ದ. ಪೊಲೀಸರನ್ನು ಕರೆಸುತ್ತೇನೆ, ತಾವು ಒಂದು ಸಹಿ ಹಾಕಿದರೆ ಸಾಕು ಎಂದು ವಕೀಲರ ಮುಂದೆ ಕಾಗದ ಸರಿಸಿದ.

“ಸಹಿ ಮಾಡಬ್ಯಾಡ್ರಿ,” ಎಂದೆ. “ನಾನ ಕೊಟ್ಟೇನಿ. ಅನ್ನಾನೂ ನಾನ ಕೊಟ್ಟೇನಿ, ಡಬ್ಬಿನೂ ನಾನ ಕೊಟ್ಟೇನಿ.”

ವಕೀಲರು ನನ್ನ ಕಡೆ ತಿರುಗಿದರು. “ಸಂಜಿ ತಿನ್ನಾಕ ಅಂದಿದ್ದಿ.”

“ಸಂಜಿ ತಿಂತಿದ್ದರು. ನಾವಲ್ಲ, ಅವರು.”

ಅವರ ಕಿವಿ ಕೆಂಪಾದವು. ಪರದೇಶದಲ್ಲಿ, ಪರರ ಮುಂದೆ, ಹೆಂಡತಿಯ ಸುಳ್ಳು ಹೊರಬಿದ್ದಿತ್ತು. ಈಗ ಇವರು ಒಂದು ಸಹಿ ಹಾಕಿ, ಸಾರಿ ಎಂದು ಹೇಳಿ ನನ್ನನ್ನು ಎಳೆದುಕೊಂಡು ಊಟಕ್ಕೆ ಹೋಗುತ್ತಾರೆ ಎಂದುಕೊಂಡೆ. ಗುಲಾಬಿ ಚೀಟಿಗೆ ಇನ್ನೂ ಹೊತ್ತಿತ್ತು. ಆದರೆ ಅವರು ಕೋಟಿನ ಗುಂಡಿ ಹಾಕಿಕೊಂಡರು. ಮೂವತ್ತು ವರ್ಷದಲ್ಲಿ ನಾನು ಅವರ ಕೋರ್ಟಿಗೆ ಒಂದು ದಿನವೂ ಹೋದವಳಲ್ಲ, ಅಂದು ನೋಡಿದೆ.

“ನಾನು ಹಣ ಕಟ್ಟಿದ್ದು ಯಾವುದಕ್ಕೆ?” ಎಂದು ಕೇಳಿದರು.

“ಊಟಕ್ಕೆ, ಸರ್.”

“ತಟ್ಟೆಗೆ ಬಂದ ಅನ್ನ ಯಾರದು?”

“ತಾವು ಉಂಡರೆ ತಮ್ಮದು. ಉಳಿದರೆ ಹೋಟೆಲಿನದು. ತಾವು ಕಟ್ಟಿದ್ದು ಉಣ್ಣುವುದಕ್ಕೆ, ಒಯ್ಯುವುದಕ್ಕಲ್ಲ.”

“ಉಳಿದದ್ದನ್ನು ಏನು ಮಾಡುತ್ತೀರಿ?”

ಮ್ಯಾನೇಜರ್ ಪೆರೇರಾನ ಕಡೆ ನೋಡಿದ. ಪೆರೇರಾ ನೆಲ ನೋಡಿದ. “ಗುಂಡಿಗೆ ಹಾಕುತ್ತೇವೆ, ಸರ್,” ಎಂದು ಪೆರೇರಾನೇ ಹೇಳಿದ.

“ಗುಂಡಿಗೆ ಹಾಕುವ ವಸ್ತು ಕಳುವಾಯಿತೆಂದು ಯಾವ ಕೋರ್ಟಿನಲ್ಲಿ ಹೇಳುತ್ತೀರಿ?”

ಯುವಕನಿಗೆ ಸಿಟ್ಟು ಬಂತು. ಅವನ ಮಾತಿನಲ್ಲಿಯೂ ಹುರುಳಿತ್ತು, ಸುಳ್ಳು ಹೇಳಬಾರದು. ಹೋಟೆಲಿನಿಂದ ಅಕ್ಕಿ ಹೊರಗೆ ಹೋಗುತ್ತಿದೆ ಎಂದು ಊರಲ್ಲಿ ಸುದ್ದಿಯಾದರೆ ನಾಳೆ ಗೇಟಿನ ಮುಂದೆ ಸಾವಿರ ಜನ ನಿಲ್ಲುತ್ತಾರೆ, ಪರವಾನಗಿ ಹೋಗುತ್ತದೆ, ಆಗ ಇವಳದಷ್ಟೇ ಅಲ್ಲ, ಎಲ್ಲರ ಕೆಲಸವೂ ಹೋಗುತ್ತದೆ ಎಂದ. ಕೊನೆಗೆ ವಕೀಲರು ಯಾವ ಕೆಲಸದಿಂದ ಹೊಟ್ಟೆ ಹೊರೆಯುತ್ತಾರೋ ಅದನ್ನೇ ಮಾಡಿದರು: ರಾಜಿ. ಅನ್ನ, ಡಬ್ಬಿ ಎರಡನ್ನೂ ನಮ್ಮ ಒಪ್ಪಿಗೆಯಿಂದ ಕೊಟ್ಟದ್ದು ಎಂದು ಅವರು ಬರೆದುಕೊಟ್ಟರು. ಸೋಮಾವತಿಯ ಕೆಲಸ ಉಳಿಯಿತು. ಆದರೆ ಅವಳನ್ನು ಅತಿಥಿಗಳ ಕೋಣೆಯಿಂದ ತೆಗೆದು ಅರಿವೆ ಒಗೆಯುವ ಕಡೆಗೆ ಹಾಕಿದರು. ಮತ್ತು ನಿಯಮ ಮುರಿದವರ ಚೀಟಿಪುಸ್ತಕ ವಾಪಸು ಕೊಡಬೇಕು.

ಚೀಟಿಪುಸ್ತಕ ಎಂದ ಕೂಡಲೇ ವಕೀಲರ ಕೈ ತಾನಾಗಿ ಎದೆಯ ಮೇಲಿನ ಜೇಬಿಗೆ ಹೋಗಿ ಅಲ್ಲೇ ಕುಳಿತಿತು. ನನ್ನನ್ನು ನೋಡಿದರು, ಗೋಡೆಯ ಹತ್ತಿರ ನಿಂತವಳನ್ನು ನೋಡಿದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕೂಡ ಅವರ ಕೈ ಅಷ್ಟು ತಡವರಿಸಿರಲಿಲ್ಲ. ಆದರೂ ಕೊಟ್ಟರು.

ಆರನೆಯ ದಿನ

ಕೈಯಲ್ಲಿದ್ದ ಚಿಟಿಕೆ ದುಡ್ಡಿನಲ್ಲಿ ಬಾಳೆಹಣ್ಣು, ಎಳನೀರು ಕೊಂಡೆವು. ಉಳಿದ ರೊಟ್ಟಿ ಮುರುಕುಗಳಿದ್ದವು. ನಾನು ಇಡೀ ಬೆಳಗು ನೀರಿನಲ್ಲಿದ್ದೆ. ವಕೀಲರು ಧೋತರ ಎತ್ತಿ ಕಟ್ಟಿಕೊಂಡು ಮೀನಖಂಡದ ತನಕ ಇಳಿದು, ಉಪ್ಪುನೀರು ಇಷ್ಟು ಉಪ್ಪಿರುತ್ತದೆಂದು ಗೊತ್ತಿರಲಿಲ್ಲ ಎಂದರು. ನನ್ನ ಜೊತೆ ಆ ದಿನ ಅವರು ಆಡಿದ ಮೊದಲ ಮಾತು ಅದು.

ಮಧ್ಯಾಹ್ನ ಕೆಲಸ ಬಿಟ್ಟ ಮೇಲೆ ಸೋಮಾವತಿ ಗೇಟಿನ ಹೊರಗೆ ಕಾದಿದ್ದಳು. ಪೆರೇರಾನ ಬಾಯಿಂದ ಹೇಳಿಸಿದಳು: ಇವತ್ತು ನಮ್ಮ ಮನೆಯಲ್ಲಿ ಉಣ್ಣಬೇಕು. ವಕೀಲರು ಬೇಡವೆನ್ನಲು ಬಾಯಿ ತೆರೆದರು. ಹೊಟ್ಟೆ ಅವರಿಗಿಂತ ಮೊದಲು ಮಾತಾಡಿತು, ಅವಳಿಗೂ ಕೇಳಿಸಿತು.

ಮನೆ ತೋಪಿನಾಚೆ, ತೆಂಗಿನ ಸಿಪ್ಪೆ ಕೊಳೆಹಾಕುವ ಹಿನ್ನೀರಿನ ಪಕ್ಕದಲ್ಲಿತ್ತು. ಗಂಡ ಹೊಳೆಯಾಚೆ ಕೂಲಿಗೆ ಹೋಗಿದ್ದ. ಅತ್ತೆ, ಒಬ್ಬ ಮುದುಕಿ, ಸಿಪ್ಪೆ ಬಡಿದು ನಾರು ತೆಗೆಯುತ್ತ ಕುಳಿತವಳು ಎದ್ದು ಚಾಪೆ ಹಾಸಿದಳು. ಬೇಯಿಸಿದ ಮರಗೆಣಸು, ಮೇಲೆ ಹೆರೆದ ಕೊಬ್ಬರಿ, ಪಕ್ಕಕ್ಕೆ ಕಲ್ಲಿನಲ್ಲಿ ಅರೆದ ಕೆಂಪು ಮೆಣಸಿನಕಾಯಿ, ಉಪ್ಪು, ನಿಂಬೆರಸ. ನಾಲಿಗೆಗೆ ತಾಗಿದ ಕೂಡಲೇ, ಇದು ನಮ್ಮ ರಂಜಕವೇ ಅನ್ನಿಸಿತು. ಒಣಮೀನಿನ ಪುಡಿ ಹಾಕುವುದಿತ್ತಂತೆ. ನಮಗಾಗಿ ಬಿಟ್ಟಿದ್ದೇನೆಂದು ಅವಳು ಕೈಸನ್ನೆಯಿಂದ ಮೀನು ಈಜಿಸಿ ತೋರಿಸಿ ತಲೆಯಾಡಿಸಿದಳು. ಟೈಪ್ ಮಾಡಿದ ನಕಲಿಲ್ಲದೆ ತಿಳಿದುಕೊಂಡಿದ್ದಳು.

ವಕೀಲರು ತಟ್ಟೆಯಿಂದ ತಲೆ ಎತ್ತಲಿಲ್ಲ. ಮುದುಕಿ ಇನ್ನೊಂದು ತುಂಡು ಹಾಕಿದಳು, ಮತ್ತೊಂದು ಹಾಕಿದಳು. ಎಲ್ಲ ಮುಗಿದು ಕೈ ತೊಳೆಯಲು ಒಲೆಯ ಕಡೆ ಹೋದವರು ಅಲ್ಲೇ ನಿಂತರು. ಮಡಕೆ ಬೋರಲು ಹಾಕಿತ್ತು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು.

“ಇವರು ಏನ ತಿಂತಾರ?”

“ನಾವು ತಿಂದದ್ದನ್ನ ತಿನ್ನೋರಿದ್ದರು,” ಎಂದೆ.

ಹೋಟೆಲಿಗೆ ಬರುವ ದಾರಿಯಲ್ಲಿ ಅವರು ಕೈಯಲ್ಲಿ ಉಳಿದ ಚಿಲ್ಲರೆಯನ್ನು ಎರಡು ಸಲ ಎಣಿಸಿದರು.

ಏಳನೆಯ ದಿನ

ಬೆಳಿಗ್ಗೆ ಎದ್ದು ನೋಡಿದರೆ ವಕೀಲರು ಕೋಣೆಯಲ್ಲಿಲ್ಲ. ಹತ್ತು ಗಂಟೆಗೆ ನಮ್ಮ ರೈಲು. ಹುಡುಕುತ್ತ ಬಜಾರಿನ ತನಕ ಹೋದೆ. ಬ್ರೆಡ್ ಅಂಗಡಿಯ ಮುಂದೆ ಬೀದಿ ತಿರುವಿನವರೆಗೆ ಸಾಲು. ಲುಂಗಿಗಳ ನಡುವೆ ಒಂದು ಧೋತರ, ಒಂದು ಕರಿ ಕೋಟು. ನಸುಕಿನಲ್ಲೇ ಬಂದು ನಿಂತಿದ್ದರಂತೆ. ನಮ್ಮ ಊರಿನ ರೇಷನ್ ಅಂಗಡಿಯಲ್ಲಿ ಅವರು ಒಂದು ದಿನವೂ ಸಾಲಿನಲ್ಲಿ ನಿಂತವರಲ್ಲ; ಗುಮಾಸ್ತನೇ ತಂದು ಮನೆಗೆ ಇಳಿಸುತ್ತಿದ್ದ. ಇಲ್ಲಿ ಯಾರೂ ಅವರಿಗೆ ಮುಂದೆ ಹೋಗಿರೆಂದು ಹೇಳಲಿಲ್ಲ. ಅವರು ಹಿಂದೆ ಮುಂದೆ ನೋಡದೆ, ಮುಂದಿನವನ ಹೆಗಲು ನೋಡುತ್ತ ನಿಂತಿದ್ದರು. ನಾನು ದೂರ ನಿಂತೆ.

ಅವರ ಪಾಳಿ ಬಂದಾಗ ಒಂದೇ ಒಂದು ಬ್ರೆಡ್ ಸಿಕ್ಕಿತು. ಒಬ್ಬರಿಗೆ ಒಂದೇ. ನನ್ನನ್ನು ನೋಡಿ, “ಬಾ,” ಎಂದಷ್ಟೇ ಹೇಳಿ ತೋಪಿನ ಕಡೆ ನಡೆದರು.

ಸೋಮಾವತಿ ಅರಿವೆ ಒಗೆಯಲು ಹೋಗಿಯಾಗಿತ್ತು. ಮುದುಕಿ ಒಬ್ಬಳೇ ನಾರು ಬಡಿಯುತ್ತಿದ್ದಳು. ವಕೀಲರು ಬ್ರೆಡ್ಡನ್ನು ಎರಡೂ ಕೈಯಿಂದ ಅವಳ ಮುಂದೆ ಹಿಡಿದರು. ಅವಳು ಕೈ ಒರೆಸಿಕೊಂಡು ತೆಗೆದುಕೊಂಡಳು. ಇನ್ನೂ ಬಿಸಿಯಿತ್ತೆಂದು ಕಾಣುತ್ತದೆ, ಕೆನ್ನೆಗೆ ತಾಗಿಸಿ ನೋಡಿದಳು. ಆಮೇಲೆ ನಡುವೆ ಮುರಿದು, ದೊಡ್ಡ ಅರ್ಧವನ್ನು ವಕೀಲರ ಕೈಗೆ ಇಟ್ಟಳು.

ಅವರು ಬೇಡವೆಂದು ತಲೆಯಾಡಿಸಿದರು. ಕನ್ನಡದಲ್ಲಿ ಹೇಳಿದರು, ಇಂಗ್ಲಿಷಿನಲ್ಲಿ ಹೇಳಿದರು. ಮುದುಕಿ ಅವರ ಬೆರಳುಗಳನ್ನು ಒಂದೊಂದಾಗಿ ಮಡಚಿ ಬ್ರೆಡ್ಡಿನ ಸುತ್ತ ಕೂಡಿಸಿದಳು. ವಕೀಲರು ನಿಂತಲ್ಲೇ ತಿನ್ನತೊಡಗಿದರು. ರೈಲಿಗೆ ಹೊತ್ತಾಯಿತೆಂದು ನಾನು ಎರಡು ಸಲ ಕರೆದೆ. ಕೊನೆಯ ತುತ್ತು ಗಂಟಲಲ್ಲಿ ಇಳಿಯುವ ತನಕ ಅವಳು ಅವರನ್ನು ಕದಲಗೊಡಲಿಲ್ಲ.